ನೋಯುವ ಹಿಮ್ಮಡಿ, ನೋಯದ ಹಿಮ್ಮಡಿ

ಕಾಲು ಒಡೆದಿದ್ದಕ್ಕೆಲ್ಲ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರಾ? ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೇ ಮಾತು. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕು. ಒಂದಿಷ್ಟು ಮಾವು, ಒಂದಿಷ್ಟು ಟೊಮೆಟೊ, ಮನೆ ಖರ್ಚಿಗೆ ರಾಗಿ, ಮನೆ ಹಿಂದೆ ಹಸುಗಳು. ಕಾರ್ತಿಕ ಕಳೆಯಿತು ಅಂದರೆ ನಮ್ಮೂರ ಹೆಂಗಸರ ಹಿಮ್ಮಡಿ ಒಡೆಯಲೇಬೇಕು. ರಾತ್ರಿ ಹರಳೆಣ್ಣೆ ಹಚ್ಚು, ಮಲಗು, ಬೆಳಿಗ್ಗೆ ಎದ್ದು ಹಾಲು ಕರಿ. ಅದಕ್ಕಿಂತ ಜಾಸ್ತಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಹೋದ ಚಳಿಗಾಲದಲ್ಲಿ ನನಗೆ ಹಾಗೆ ಸುಮ್ಮನಿರಲು ಆಗಲಿಲ್ಲ. ಎಡಗಾಲಿನ ಒಡಕು ಎಂದಿನ ಹಾಗೆ ಇರಲಿಲ್ಲ. ಬಲಗಾಲಿನಲ್ಲಿ ಅಂಚಿನ ಸುತ್ತ ಸಣ್ಣ ಸಣ್ಣ ಗೆರೆಗಳು, ಅವು ಪ್ರತಿ ವರ್ಷದವೇ. ಎಡಗಾಲಿನಲ್ಲಿ ಹಾಗಲ್ಲ, ಒಂದು ಬಿರುಕು ಒಳಕ್ಕೆ ಇಳಿದಿತ್ತು. ಬೆಳಿಗ್ಗೆ ಮೊದಲ ಹೆಜ್ಜೆ ಊರಿದಾಗ ಅದು ಬಾಯಿ ಬಿಟ್ಟು ಚುರ್ ಎನ್ನುತ್ತಿತ್ತು, ಕೊಟ್ಟಿಗೆ ತೊಳೆಯುವಾಗ ಗಂಜಲದ ನೀರು ತಾಗಿದರೆ ಉರಿ ನೆತ್ತಿಗೇರುತ್ತಿತ್ತು. ಹಾಸಿಗೆ ಬಟ್ಟೆ ಮೇಲೆ ರಕ್ತದ ಕಲೆ. ಅಂಗಾಲು ಪೂರ್ತಿ ಒಣಗಿ ಬೆಳ್ಳಗಾಗಿತ್ತು, ಕೈಯಾಡಿಸಿದರೆ ಗೆರೆಗೆರೆಯಲ್ಲೂ ಸಣ್ಣ ಹೊಟ್ಟು ಏಳುತ್ತಿತ್ತು.

ಭಯ ಯಾಕೆ ಬಂತು ಅಂದರೆ, ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನ ಒಂದು ಸಣ್ಣ ಗಾಯದಿಂದ ಶುರುವಾಗಿ ಕೊನೆಗೆ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆ ಮನೆಯಲ್ಲಿ ಬೆಳೆದವರಿಗೆ ಕಾಲಿನ ಗಾಯ ಅಂದರೆ ಸುಮ್ನೆ ಗಾಯ ಅಲ್ಲ. ನನಗೆ ಸಕ್ಕರೆ ಇದೆ ಅಂತ ಯಾರೂ ಹೇಳಿರಲಿಲ್ಲ. ಇಲ್ಲ ಅಂತ ಹೇಳುವುದಕ್ಕೂ ಇತ್ತೀಚಿನ ಪರೀಕ್ಷೆ ಏನೂ ಇರಲಿಲ್ಲ. ರಾತ್ರಿ ಮಲಗಿದರೆ ಅದೇ ಯೋಚನೆ. ಮೊಬೈಲ್ ಬೆಳಕಲ್ಲಿ ಕಾಲು ತಿರುಗಿಸಿ ತಿರುಗಿಸಿ ನೋಡುವುದು, ಮೂಸುವುದು, ಒತ್ತಿ ನೋಡುವುದು.

ಮನೆಯಲ್ಲಿ ಮಾಡಬೇಕಾದ್ದನ್ನು ಸರಿಯಾಗಿಯೇ ಮಾಡಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು ಕೂರುವುದು, ಹತ್ತು ಹದಿನೈದು ನಿಮಿಷ, ಅದಕ್ಕಿಂತ ಜಾಸ್ತಿ ನೆನೆಸಿದರೆ ಚರ್ಮ ಇನ್ನೂ ಒಣಗುತ್ತದೆ. ಆಮೇಲೆ ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಒದ್ದೆ ಆರುವ ಮೊದಲೇ ಹರಳೆಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗುವುದು. ಬಲಗಾಲು ಇದಕ್ಕೆ ಚೆನ್ನಾಗಿ ಬಗ್ಗಿತು. ವಾರ ಕಳೆಯುವಷ್ಟರಲ್ಲಿ ಗೆರೆಗಳು ಕೂಡಿಕೊಂಡು ಚರ್ಮ ಮೆತ್ತಗಾಯಿತು. ಎಡಗಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಪಕ್ಕದ ಮನೆ ಅಜ್ಜಿ ಮೇಣದಬತ್ತಿ ಕರಗಿಸಿ ಒಡಕಿನೊಳಗೆ ಬಿಡು ಅಂದರು. ಅವರ ಕಾಲದಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ಬಿಸಿ ಮೇಣ ಹಸಿ ಗಾಯಕ್ಕೆ ಬಿಡುವುದು ನನಗೆ ಸರಿ ಕಾಣಲಿಲ್ಲ, ಬೇಡ ಅಜ್ಜಿ ಅಂದೆ. ಔಷಧಿ ಅಂಗಡಿಯಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು. ಚೀಟಿ ಕೇಳಲಿಲ್ಲ, ಕಾಲನ್ನೂ ನೋಡಲಿಲ್ಲ. "ಎಲ್ಲದಕ್ಕೂ ಆಗುತ್ತೆ ಅಮ್ಮ, ಹಚ್ಚಿ" ಅಂದರು. ಹಚ್ಚಿದೆ. ಒಂದೆರಡು ದಿನಕ್ಕೇ ನವೆ ನಿಂತಿತು, ಉರಿ ಇಳಿಯಿತು. ನಿಲ್ಲಿಸಿದ ಕೂಡಲೇ ಎರಡರಷ್ಟು ಬಂತು, ಈ ಸಲ ಪಾದದ ಪಕ್ಕಕ್ಕೂ ಹರಡಿತ್ತು. ಆ ಟ್ಯೂಬಿನ ಕಥೆ ಏನು ಅಂತ ಆಮೇಲೆ ಗೊತ್ತಾಯಿತು, ಮುಂದೆ ಹೇಳುತ್ತೇನೆ.

ಆಸ್ಪತ್ರೆಗೆ ಹೋಗಲೇಬೇಕು ಅಂತ ತೀರ್ಮಾನ ಮಾಡಿದ್ದು ಕೆಲವು ವಿಷಯ ಒಟ್ಟಿಗೆ ಸೇರಿದ್ದರಿಂದ. ಒಂದೇ ಮನೆ, ಒಂದೇ ನೀರು, ಒಂದೇ ಎಣ್ಣೆ, ಆದರೂ ಒಂದು ಕಾಲು ವಾಸಿಯಾಗಿ ಇನ್ನೊಂದು ಆಗುತ್ತಿಲ್ಲ. ಬರೀ ಚಳಿಗೆ ಒಣಗಿದ್ದೇ ಆಗಿದ್ದರೆ ಎರಡೂ ಒಂದೇ ಥರ ಇರಬೇಕಿತ್ತಲ್ವಾ? ಎರಡನೆಯದು, ಹಿಮ್ಮಡಿ ಊರಲಾಗದೆ ಬೆರಳ ಮೇಲೆ ನಡೆಯುತ್ತಿದ್ದೆ, ಅದರಿಂದ ಮೀನಖಂಡವೂ ಸೊಂಟವೂ ಹಿಡಿದುಕೊಂಡಿದ್ದವು. ಕೊನೆಗೆ ಒಂದು ಸಂಜೆ ಬಿರುಕಿನ ಸುತ್ತ ಮುಂಗೈ ಇಟ್ಟು ನೋಡಿದರೆ ಇನ್ನೊಂದು ಕಾಲಿಗಿಂತ ಬಿಸಿ ಇತ್ತು. ನಮ್ಮಂಥ ಕಪ್ಪು, ಎಣ್ಣೆಗಪ್ಪು ಮೈಬಣ್ಣದವರಿಗೆ ಚರ್ಮ ಕೆಂಪಾಗಿದ್ದು ಕಣ್ಣಿಗೆ ಅಷ್ಟು ಬೇಗ ಕಾಣುವುದಿಲ್ಲ. ಚರ್ಮ ಸ್ವಲ್ಪ ಕಂದಿದ ಹಾಗೆ, ನೇರಳೆ ತಿರುಗಿದ ಹಾಗೆ ಕಾಣಬಹುದು ಅಷ್ಟೇ. ಅದಕ್ಕೇ ಕೈಯಿಟ್ಟು ನೋಡಬೇಕು, ಎರಡೂ ಕಾಲನ್ನು ಹೋಲಿಸಿ ನೋಡಬೇಕು. ಇದನ್ನು ನಾನು ದೊಡ್ಡಪ್ಪನ ಆರೈಕೆ ಮಾಡುವಾಗ ದೊಡ್ಡಮ್ಮನಿಂದ ಕಲಿತಿದ್ದು.

ನಮ್ಮ ಮನೆಯವರು ಪಿಕಪ್ ಗಾಡಿ ಓಡಿಸುತ್ತಾರೆ, ಸುತ್ತಲಿನ ಊರುಗಳ ಟೊಮೆಟೊ ಹೇರಿಕೊಂಡು ಕೋಲಾರದ ಎಪಿಎಂಸಿಗೆ ಹೋಗುತ್ತಾರೆ. ಬೆಳಿಗ್ಗೆ ಅವರ ಜೊತೆಯಲ್ಲೇ ಹೊರಟೆ. ಕ್ರೇಟುಗಳು ಇಳಿದು ಹರಾಜು ಮುಗಿದ ಮೇಲೆ ಇಬ್ಬರೂ ಜಿಲ್ಲಾ ಆಸ್ಪತ್ರೆಗೆ ಬಂದೆವು, ಕೋಲಾರದವರು ಎಸ್‌ಎನ್‌ಆರ್ ಅಂತ ಕರೆಯುವುದು ಇದನ್ನೇ. ಹೊರರೋಗಿಗಳ ಚೀಟಿ ಮಾಡಿಸಿ ಚರ್ಮದ ವಿಭಾಗದ ಮುಂದೆ ಕೂತೆವು. ಕಾಲು ತೊಳೆದುಕೊಂಡು ಹೋಗಿದ್ದೆ, ಆದರೆ ಎಣ್ಣೆ, ಮುಲಾಮು ಏನೂ ಹಚ್ಚಿರಲಿಲ್ಲ. ಇದನ್ನು ಯಾರಾದರೂ ಹೋಗುವವರು ನೆನಪಿಟ್ಟುಕೊಳ್ಳಿ. ಅರಿಶಿನ, ಎಣ್ಣೆ ಮೆತ್ತಿಕೊಂಡು ಹೋದರೆ ಒಳಗಿನ ಚರ್ಮ ಅವರಿಗೆ ಸರಿಯಾಗಿ ಕಾಣುವುದಿಲ್ಲ, ಪರೀಕ್ಷೆಗೂ ತೊಂದರೆ. ಹಚ್ಚುತ್ತಿದ್ದ ಟ್ಯೂಬನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡಿದ್ದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಲನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳು ಸಂದಿ ಬಿಡಿಸಿ ನೋಡಿದರು, ಉಗುರು ನೋಡಿದರು. ಹೆಬ್ಬೆರಳಿನ ಉಗುರು ದಪ್ಪಗಾಗಿ ಹಳದಿ ತಿರುಗಿತ್ತು. ವಯಸ್ಸಾದ ಮೇಲೆ ಉಗುರು ಹಾಗೇ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಅವರು ಕೇಳಿದ್ದು ನಾನು ಯೋಚನೆಯೇ ಮಾಡದ ಪ್ರಶ್ನೆ.

"ಅಮ್ಮ, ಕೈ ತೋರಿಸಿ. ಎರಡೂ."

ತೋರಿಸಿದೆ. ಬಲ ಅಂಗೈ ಒಣಗಿ ಗೆರೆಗಳಲ್ಲಿ ಬಿಳಿ ಹೊಟ್ಟು ಕೂತಿತ್ತು. ಎಡಗೈ ಸಾಮಾನ್ಯ. ಪಾತ್ರೆ ಸೋಪಿನಿಂದ ಅಂತ ನನ್ನ ಲೆಕ್ಕ. ಸೋಪಿನಿಂದ ಆಗಿದ್ದರೆ ಎರಡೂ ಕೈ ಆಗಬೇಕಿತ್ತು ಅಂತ ಅವರು ಹೇಳಿದಾಗ ಮಿಂಚು ಹೊಡೆದ ಹಾಗಾಯಿತು. ಕಾಲಿನಲ್ಲಿ ಇರುವ ಶಿಲೀಂಧ್ರ, ಅಂದರೆ ಫಂಗಸ್, ಕಾಲು ಕೆರೆದುಕೊಳ್ಳುವ ಕೈಗೂ ದಾಟುತ್ತದಂತೆ. ಕಾಲಿನ ಜೊತೆ ಒಂದೇ ಕೈ ಒಣಗಿದ್ದರೆ ಮೊದಲು ಅದರ ಮೇಲೇ ಅನುಮಾನ ಪಡಬೇಕಂತೆ. ನಾವು ಫಂಗಸ್ಸಿನಿಂದ ಬರುವ ಹುಳಕಡ್ಡಿ ಅಂದರೆ ಗುಂಡಗೆ ಉಂಗುರದ ಹಾಗೆ ಬರುತ್ತದೆ ಅಂದುಕೊಂಡಿರುತ್ತೇವೆ. ಅಂಗಾಲಿನ ದಪ್ಪ ಚರ್ಮದಲ್ಲಿ ಅದು ಉಂಗುರವಾಗಿ ಬರುವುದೇ ಕಡಿಮೆ. ಬರೀ ಒಣಚರ್ಮದ ವೇಷದಲ್ಲಿ ವರ್ಷಗಟ್ಟಲೆ ಇರಬಲ್ಲದು, ಜಾಸ್ತಿ ನವೆಯೂ ಇರುವುದಿಲ್ಲ.

ಅನುಮಾನ ಅಂತ ಸುಮ್ಮನಾಗಲಿಲ್ಲ ಅವರು. ಸಣ್ಣ ಬ್ಲೇಡಿನ ಮೊಂಡ ಅಂಚಿನಿಂದ ಅಂಗಾಲಿನ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿ ಮೇಲೆ ಉದುರಿಸಿಕೊಂಡರು. ನೋವೇನೂ ಇಲ್ಲ. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ದ್ರಾವಣದ ಹನಿ ಬಿಡುತ್ತಾರೆ, ಅದು ಚರ್ಮದ ಕಣಗಳನ್ನು ಕರಗಿಸುತ್ತದೆ, ಫಂಗಸ್ಸಿನ ಎಳೆಗಳು ಕರಗದೆ ಉಳಿಯುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಯಿತು. ಕೆಒಎಚ್ ಪರೀಕ್ಷೆ ಅಂತಾರೆ. ನನ್ನದರಲ್ಲಿ ಎಳೆಗಳು ಕಂಡವು. ರಕ್ತವನ್ನೂ ತೆಗೆದರು, ಸಕ್ಕರೆಗೆ, ಥೈರಾಯ್ಡಿಗೆ, ಮಾತ್ರೆ ಕೊಡುವ ಮೊದಲು ಯಕೃತ್ತು ಸರಿ ಇದೆಯಾ ಅಂತ ನೋಡುವುದಕ್ಕೆ. ಥೈರಾಯ್ಡ್ ಕಡಿಮೆ ಇದ್ದವರಿಗೆ ಮೈಚರ್ಮ ಒಣಗಿ ಹಿಮ್ಮಡಿ ಒಡೆಯುವುದು ಇದೆಯಂತೆ, ಅದಕ್ಕೆ. ನನ್ನ ಸಕ್ಕರೆ, ಥೈರಾಯ್ಡ್ ಎರಡೂ ಸರಿಯಾಗಿದ್ದವು. ಆ ರಿಪೋರ್ಟ್ ಕೈಗೆ ಬಂದಾಗ ಎಷ್ಟು ಹಗುರ ಅನ್ನಿಸಿತು ಅಂತ ಬರೆಯಲು ಆಗುವುದಿಲ್ಲ.

ಈಗ ಟ್ಯೂಬಿನ ವಿಷಯ. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಡಾಕ್ಟರಮ್ಮ ಓದಿ ಹೇಳಿದರು. ಫಂಗಸ್ಸಿಗೆ ಒಂದು ಔಷಧಿ, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಜೋರಾದ ಸ್ಟೀರಾಯ್ಡ್. ಮೂರನ್ನೂ ಕಲಸಿದ ಮುಲಾಮು. ಸ್ಟೀರಾಯ್ಡ್ ಏನು ಮಾಡುತ್ತದೆ ಅಂದರೆ, ಫಂಗಸ್ ವಿರುದ್ಧ ಚರ್ಮ ಹೋರಾಡುವುದನ್ನೇ ನಿಲ್ಲಿಸುತ್ತದೆ. ಹೋರಾಟ ನಿಂತರೆ ಕೆಂಪು, ನವೆ ಕಡಿಮೆಯಾಗುತ್ತದೆ, ವಾಸಿ ಆಯಿತು ಅನ್ನಿಸುತ್ತದೆ, ಒಳಗೆ ಫಂಗಸ್ ಆರಾಮಾಗಿ ಬೆಳೆಯುತ್ತದೆ. ನಿಲ್ಲಿಸಿದ ಮೇಲೆ ಎರಡರಷ್ಟು ಬರುವುದು ಇದೇ ಕಾರಣಕ್ಕೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಆದರೂ ಕೇಳಿದ ತಕ್ಷಣ ಸಿಗುತ್ತಲೇ ಇವೆ. ಹಳ್ಳಿಯಲ್ಲಿ ಕೂಲಿ ಬಿಟ್ಟು ಬಸ್ಸು ಹಿಡಿದು ಬರಲಾಗದವರು ಅಂಗಡಿಯವರ ಮಾತನ್ನೇ ನಂಬುತ್ತಾರೆ. ಆ ನಂಬಿಕೆಗೆ ಇಂಥ ಟ್ಯೂಬ್ ಕೊಡುವುದು ಅನ್ಯಾಯ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನನಗೆ ಬರೆದಿದ್ದು ದಿನಕ್ಕೊಂದು ಟರ್ಬಿನಾಫಿನ್ ಅನ್ನುವ ಫಂಗಸ್ಸಿನ ಮಾತ್ರೆ, ಹಚ್ಚಲು ಅದರದ್ದೇ ಕ್ರೀಮು, ಮತ್ತು ಹಿಮ್ಮಡಿಗೆ ಯೂರಿಯಾ ಕ್ರೀಮು. ಯೂರಿಯಾ ಅಂದಾಗ ನಾನು ಗೊಬ್ಬರವೇ ಅಂದುಕೊಂಡೆ, ಹೊಲದವರಿಗೆ ಬೇರೇನು ಹೊಳೆಯುತ್ತದೆ. ಕ್ರೀಮಿನಲ್ಲಿ ಇರುವ ಯೂರಿಯಾ ಚರ್ಮದಲ್ಲಿ ನೀರು ಹಿಡಿದಿಡುತ್ತದೆ, ಪ್ರಮಾಣ ಜಾಸ್ತಿ ಇದ್ದರೆ ದಪ್ಪ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಶೇಕಡಾ 10ರಿಂದ 25ರವರೆಗಿನ ಕ್ರೀಮುಗಳು ಹಿಮ್ಮಡಿಗೆ ಬಳಕೆಯಲ್ಲಿವೆ, ಎಷ್ಟರದ್ದು ಅಂತ ಡಾಕ್ಟರೇ ಹೇಳಬೇಕು. ತೆರೆದ ಬಿರುಕಿಗೆ ಹಚ್ಚಿದರೆ ಉರಿಯುತ್ತದೆ, ಅದಕ್ಕೆ ಮೊದಲು ಬಿರುಕು ಕೂಡುವವರೆಗೆ ಅಲ್ಲಿಗೆ ಬರೀ ವ್ಯಾಸಲೀನು, ಸುತ್ತಲಿನ ದಪ್ಪ ಚರ್ಮಕ್ಕೆ ಯೂರಿಯಾ. ಬಿಸಿ ಇದ್ದ ಜಾಗಕ್ಕೆ ಸೋಂಕು ಆಗಲೇ ಸ್ವಲ್ಪ ಶುರುವಾಗಿದೆ ಅಂತ ಕೆಲವು ದಿನದ ಆಂಟಿಬಯಾಟಿಕ್ ಕೊಟ್ಟರು. ಕೊಟ್ಟಿಗೆಯಲ್ಲಿ ಸಗಣಿ, ಮಣ್ಣು ಮೆಟ್ಟುವ ಕಾಲು ಅಂತ ಕೇಳಿ ತಿಳಿದುಕೊಂಡು ಧನುರ್ವಾಯು ತಡೆಯುವ ಇಂಜೆಕ್ಷನ್ ಹಾಕಿಸಿದರು.

ಹಿಮ್ಮಡಿಯೇ ಯಾಕೆ ಒಡೆಯುತ್ತದೆ ಅಂತ ಕೇಳಿದೆ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ತುಂಬ ಇವೆ, ಎಣ್ಣೆ ಜಿನುಗುವ ಗ್ರಂಥಿಗಳು ಮಾತ್ರ ಇಲ್ಲವೇ ಇಲ್ಲ. ಮೈಯ ಬೇರೆ ಕಡೆ ಚರ್ಮ ತಾನೇ ಎಣ್ಣೆ ಹಚ್ಚಿಕೊಳ್ಳುತ್ತದೆ, ಇಲ್ಲಿ ನಾವೇ ಹಚ್ಚಬೇಕು. ನಿಂತಾಗ ಹಿಮ್ಮಡಿಯ ಕೊಬ್ಬಿನ ಮೆತ್ತೆ ಭಾರಕ್ಕೆ ಪಕ್ಕಕ್ಕೆ ಹರಡುತ್ತದೆ. ಹಿಂದೆ ಪಟ್ಟಿ ಇಲ್ಲದ ಹವಾಯಿ ಚಪ್ಪಲಿ ಅದನ್ನು ಹಿಡಿದಿಡುವುದಿಲ್ಲ. ಒಣಗಿದ ದಪ್ಪ ಚರ್ಮಕ್ಕೆ ಹಿಗ್ಗಲಾಗದೆ ಸೀಳುತ್ತದೆ. ಅದರ ಮೇಲೆ ನಮ್ಮ ಕೆಲಸ ನೋಡಿ, ಬೆಳಗಿನ ಜಾವ ನೀರಿನಲ್ಲಿ ನೆನೆಯುವುದು, ಆಮೇಲೆ ಬಿಸಿಲಿನ ಮಣ್ಣಿನಲ್ಲಿ ಒಣಗುವುದು, ಸಂಜೆ ಮತ್ತೆ ನೆನೆಯುವುದು. 800 ಮೀಟರಿಗೂ ಎತ್ತರದ ಬಯಲು ನಮ್ಮ ಕೋಲಾರ, ಚಳಿಗಾಲದ ಒಣಗಾಳಿ ಬೇರೆ. ರಾಗಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ಕೂಳೆ ಮೆಟ್ಟಿಕೊಂಡು ಓಡಾಡಿದರೆ ಕೇಳಲೇಬೇಡಿ.

ಇಷ್ಟಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ. ನಾವು ಎದ್ದು ಹೊರಡುವ ಹೊತ್ತಿಗೆ ಡಾಕ್ಟರಮ್ಮ ಕೇಳಿದರು, "ಇದು ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಬರುತ್ತೆ. ಬೇರೆ ಯಾರಿಗಾದರೂ ಕಾಲು ಒಡೆದಿದೆಯಾ?"

ನಮ್ಮ ಮನೆಯವರು ಬಾಗಿಲ ಹತ್ತಿರ ನಿಂತಿದ್ದವರು, "ನನಗೂ ಇದೆ ಮೇಡಂ, ಆದರೆ ನನಗೆ ನೋವಿಲ್ಲ ಏನಿಲ್ಲ" ಅಂದರು. ನೋವಿಲ್ಲ ಅನ್ನುವುದನ್ನು ಧೈರ್ಯವಾಗಿಯೇ ಹೇಳಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಶುಗರ್ ಇದೆಯಾ?"

"ಇದೆ, ತುಂಬ ವರ್ಷ ಆಯ್ತು. ಮಾತ್ರೆ ತಗೋತೀನಿ."

"ಇಲ್ಲಿ ಬಂದು ಕೂತ್ಕೊಳ್ಳಿ. ಚಪ್ಪಲಿ ತೆಗೀರಿ."

ನನಗಿಂತ ಆಳವಾದ ಬಿರುಕು ಅವರ ಬಲ ಹಿಮ್ಮಡಿಯಲ್ಲಿತ್ತು. ಒಳಗೆ ಮಣ್ಣು ಕಪ್ಪಾಗಿ ಕೂತಿತ್ತು. ನನ್ನ ಕಾಲಿನಲ್ಲಿ ಅದರ ಅರ್ಧದಷ್ಟು ಬಿರುಕಿಗೇ ನೆಲ ಮುಟ್ಟಲಾಗುತ್ತಿರಲಿಲ್ಲ. ಅವರು ಅದೇ ಕಾಲಲ್ಲಿ ಟೊಮೆಟೊ ಕ್ರೇಟು ಹೊತ್ತು ಓಡಾಡುತ್ತಿದ್ದರು.

ಡಾಕ್ಟರಮ್ಮ ಪೆನ್ನಿನಂಥ ಹಿಡಿಯ ತುದಿಯಲ್ಲಿ ಒಂದು ನೈಲಾನ್ ದಾರ ಇರುವ ಸಾಧನವನ್ನು ತೆಗೆದುಕೊಂಡರು. ಮಾನೊಫಿಲಮೆಂಟ್ ಅಂತ ಹೆಸರು. ಚರ್ಮಕ್ಕೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವ ಹಾಗೆ ಮಾಡಿರುತ್ತಾರೆ. ಮೊದಲು ಇವರ ಕೈಗೆ ಮುಟ್ಟಿಸಿ "ಹೀಗಿರುತ್ತೆ, ಗೊತ್ತಾಯ್ತಾ?" ಅಂದರು. ಗೊತ್ತಾಯ್ತು ಅಂದರು ಇವರು. "ಈಗ ಕಣ್ಣು ಮುಚ್ಚಿ, ಕಾಲಿಗೆ ಮುಟ್ಟಿದಾಗಲೆಲ್ಲ ಹ್ಞೂಂ ಅನ್ನಿ."

ದಾರ ಪಾದದ ಮೇಲ್ಭಾಗಕ್ಕೆ ತಾಗಿತು. "ಹ್ಞೂಂ." ಹೆಬ್ಬೆರಳಿನ ತುದಿಗೆ ತಾಗಿತು, ದಾರ ಬಾಗಿತು. ಇವರು ಸುಮ್ಮನಿದ್ದರು. ಹೆಬ್ಬೆರಳಿನ ಬುಡದ ದಿಂಡಿಗೆ ಒತ್ತಿದರು. ಸುಮ್ಮನೆ. ಕಿರುಬೆರಳ ಬುಡಕ್ಕೆ. ಸುಮ್ಮನೆ. ಎರಡನೇ ಸಲ ಅದೇ ಜಾಗಗಳಿಗೆ ಒತ್ತಿದರು. ಕಣ್ಣು ಮುಚ್ಚಿಕೊಂಡೇ ಇವರು "ಶುರು ಮಾಡಿದ್ರಾ ಮೇಡಂ?" ಅಂತ ಕೇಳಿದರು. ನಾನು ಪಕ್ಕದಲ್ಲಿ ನಿಂತು ದಾರ ಬಾಗುವುದನ್ನು ನೋಡುತ್ತಲೇ ಇದ್ದೆ. ನನ್ನ ಕೈಕಾಲು ತಣ್ಣಗಾದವು.

ಆಮೇಲೆ ಶ್ರುತಿ ಕವೆ, ಶಾಲೆಯ ಪ್ರಯೋಗಾಲಯದಲ್ಲಿ ಇರುತ್ತಲ್ಲ ಅದು, ತಟ್ಟಿ ಹೆಬ್ಬೆರಳಿನ ಮೂಳೆ ಮೇಲಿಟ್ಟರು. ಅದು ನಡುಗುವುದು ಇವರಿಗೆ ಸ್ವಲ್ಪವೇ ತಿಳಿಯಿತು. ಪಾದದ ಮೇಲೆ, ಕಣಕಾಲಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ನಾಡಿ ಚೆನ್ನಾಗಿ ಸಿಕ್ಕಿತು, ರಕ್ತ ಓಡಾಟ ಸರಿಯಿದೆ, ಗಾಯ ಮಾಯುತ್ತದೆ, ಅದೊಂದು ಒಳ್ಳೆಯ ಸುದ್ದಿ ಅಂದರು. ಮೈಮೇಲೆ ಸ್ಪರ್ಶ ಇಲ್ಲದ ತಿಳಿ ಮಚ್ಚೆ ಏನಾದರೂ ಇದೆಯಾ ಅಂತಲೂ ನೋಡಿದರು, ಕುಷ್ಠದಲ್ಲೂ ನರ ಕೆಟ್ಟು ಕಾಲು ಮರಗಟ್ಟಿ ಒಡೆಯುತ್ತದೆ, ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ವಾಸಿಯಾಗುವ ಕಾಯಿಲೆ. ಇವರಿಗೆ ಅದೇನೂ ಇರಲಿಲ್ಲ.

"ಕಾಲಿಂದ ಚಪ್ಪಲಿ ಜಾರಿ ಹೋದರೆ ಗೊತ್ತಾಗುತ್ತಾ?" ಅಂತ ಕೇಳಿದರು.

ಇವರು ಉತ್ತರ ಕೊಡುವ ಮೊದಲು ನನಗೆ ನೆನಪಾಯಿತು. ಮನೆಗೆ ಒಂದೇ ಚಪ್ಪಲಿಯಲ್ಲಿ ಬಂದಿದ್ದರು ಒಮ್ಮೆ, ಇನ್ನೊಂದು ಬೀದಿಯಲ್ಲೇ ಬಿದ್ದಿತ್ತು. ಏನೋ ಯೋಚನೆಯಲ್ಲಿ ಬಂದಿರಬೇಕು ಅಂದುಕೊಂಡಿದ್ದೆವು. ಹತ್ತಿ ಮೇಲೆ ನಡೆದ ಹಾಗೆ ಆಗುತ್ತೆ ಅಂತ ಕೂಡ ಆಗಾಗ ಹೇಳುತ್ತಿದ್ದರು. ಗಾಡಿ ಓಡಿಸುವಾಗ ಬ್ರೇಕ್ ಒತ್ತಿದ್ದು ಸರಿಯಾಗಿ ತಿಳಿಯುತ್ತಾ ಅಂತಲೂ ಕೇಳಿದರು. ತಿಳಿಯುತ್ತೆ ಅಂದರು. ಅದು ಕಡಿಮೆಯಾದ ದಿನ ಗಾಡಿ ಮುಟ್ಟಬೇಡಿ, ನೇರ ಇಲ್ಲಿಗೆ ಬನ್ನಿ ಅಂತ ಖಡಾಖಂಡಿತವಾಗಿ ಹೇಳಿದರು.

ಸಕ್ಕರೆ ಬಹಳ ಕಾಲ ಜಾಸ್ತಿ ಇದ್ದರೆ ಕಾಲಿನ ತುದಿಯ ನರಗಳು ಮೊದಲು ಕೆಡುತ್ತವೆ. ನೋವು ತಿಳಿಯುವುದಿಲ್ಲ. ನೋವಿದ್ದರೆ ನಾನು ಮಾಡಿದ ಹಾಗೆ ಕಾಲು ಎತ್ತಿ ಇಡುತ್ತೇವೆ, ಬೆರಳ ಮೇಲೆ ನಡೆಯುತ್ತೇವೆ, ರಾತ್ರಿ ನಿದ್ದೆ ಬಿಟ್ಟು ನೋಡುತ್ತೇವೆ. ನೋವಿಲ್ಲದ ಕಾಲನ್ನು ಯಾರೂ ನೋಡುವುದಿಲ್ಲ, ಅದರ ಮೇಲೇ ಭಾರ ಹಾಕಿ ನಡೆಯುತ್ತಾರೆ. ಬಿರುಕು ಆಳವಾಗುತ್ತದೆ, ಮಣ್ಣು ಸೇರುತ್ತದೆ, ಕೀವಾಗುತ್ತದೆ, ಮೂಳೆಗೆ ಇಳಿಯುತ್ತದೆ. ದೊಡ್ಡಪ್ಪನಿಗೆ ಆಗಿದ್ದು ಇದೇ ಅಂತ ಇಷ್ಟು ವರ್ಷದ ಮೇಲೆ ಆ ಕೋಣೆಯಲ್ಲಿ ನಿಂತಾಗ ನನಗೆ ಅರ್ಥವಾಯಿತು. ದೊಡ್ಡಪ್ಪನೂ ನೋವಿಲ್ಲ ಅಂತಲೇ ಹೇಳುತ್ತಿದ್ದರು.

ಅವತ್ತೇ ಇವರನ್ನು ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಕಳಿಸಿದರು. ಬಿರುಕಿನ ಅಂಚಿನ ಗಟ್ಟಿ ಚರ್ಮವನ್ನು ಅವರೇ ತೆಳ್ಳಗೆ ಕತ್ತರಿಸಿ, ಸಲೈನ್ ನೀರಿನಲ್ಲಿ ತೊಳೆದು, ಮೂಳೆಯವರೆಗೆ ಹೋಗಿಲ್ಲ ಅಂತ ನೋಡಿ ಬ್ಯಾಂಡೇಜ್ ಹಾಕಿದರು. ಇದನ್ನು ಮನೆಯಲ್ಲಿ ಬ್ಲೇಡು ಹಿಡಿದು ಮಾಡಲೇಬಾರದು. ಆಣಿಗೆ ಅಂಟಿಸುವ ಔಷಧದ ಪಟ್ಟಿಯೂ ಸಕ್ಕರೆ ಇರುವವರಿಗೆ ಬೇಡ, ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ, ನೋವು ಇಲ್ಲದ್ದರಿಂದ ಗೊತ್ತೇ ಆಗುವುದಿಲ್ಲ. ಅಜ್ಜಿ ಹೇಳಿದ ಬಿಸಿ ಮೇಣ ನೆನಪಾಗಿ ಮೈ ಜುಮ್ ಅಂದಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರು. ಶೇಕಡಾ 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ, ಇವರದ್ದು ಅದಕ್ಕಿಂತ ಬಹಳ ಮೇಲಿತ್ತು. ಮಾತ್ರೆ ಬದಲಾಯಿತು. ಬೆಳಿಗ್ಗೆ ಮಾರುಕಟ್ಟೆಗೆ ಹೋಗುವ ಗಡಿಬಿಡಿಯಲ್ಲಿ ತಪ್ಪುತ್ತಿದ್ದ ಮಾತ್ರೆಯನ್ನು ಈಗ ಗಾಡಿಯಲ್ಲೇ ಒಂದು ಡಬ್ಬಿಯಲ್ಲಿ ಇಟ್ಟಿದ್ದೇವೆ, ಬುತ್ತಿ ಬಿಚ್ಚಿದಾಗ ಕೈಗೆ ಸಿಗಲಿ ಅಂತ.

ನನ್ನ ಕಾಲು ವಾಸಿಯಾಗಲು ಕೆಲವು ವಾರ ಹಿಡಿಯಿತು. ಹೊಟ್ಟು ನಿಂತಿತು, ಅಂಗೈಯೂ ನುಣುಪಾಯಿತು. ಉಗುರು ಮಾತ್ರ ನಿಧಾನ. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬೆಳೆದು ಬರಲು ವರ್ಷವೇ ಬೇಕು, ಅಲ್ಲಿಯವರೆಗೆ ಕಾಯಬೇಕು. ಚೆನ್ನಾಗಿ ಕಂಡ ಕೂಡಲೇ ಔಷಧ ನಿಲ್ಲಿಸಬೇಡಿ ಅಂತ ಡಾಕ್ಟರಮ್ಮ ಒತ್ತಿ ಹೇಳಿದ್ದರಿಂದ ಕೊನೆಯವರೆಗೂ ತೆಗೆದುಕೊಂಡೆ. ಮನೆಯಲ್ಲಿ ಎಲ್ಲರ ಟವೆಲ್ಲು ಬೇರೆ ಬೇರೆ, ಕಾಲುಚೀಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ. ಕೊಟ್ಟಿಗೆಗೆ ಗಮ್‌ಬೂಟು ತಂದಿದ್ದೇನೆ. ಮೊದಮೊದಲು ಹಸುಗಳು ಅದರ ಸದ್ದಿಗೆ ಬೆದರುತ್ತಿದ್ದವು, ಈಗ ರೂಢಿಯಾಗಿದೆ. ಆದರೆ ಬೂಟಿನೊಳಗೆ ಬೆವರು ನಿಂತರೆ ಫಂಗಸ್ ಮತ್ತೆ ಬರುತ್ತದೆ, ಅದಕ್ಕೆ ಕೆಲಸ ಮುಗಿದ ತಕ್ಷಣ ತೆಗೆದು ಬೋರಲು ಹಾಕುತ್ತೇನೆ, ಬೆರಳ ಸಂದಿ ಒರೆಸಿಕೊಳ್ಳುತ್ತೇನೆ. ಸಂದಿಗೆ ಎಣ್ಣೆ, ಕ್ರೀಮು ಹಚ್ಚುವುದಿಲ್ಲ, ಅಲ್ಲಿ ಒದ್ದೆ ಇರಬಾರದು.

ಈಗ ಊರಲ್ಲಿ ಕಾಲು ಒಡೆದವರು ನನ್ನ ಹತ್ತಿರ ಬಂದು ತೋರಿಸುತ್ತಾರೆ. ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವುದಿಲ್ಲ. ಮೊದಲು ಸಕ್ಕರೆ ಇದೆಯಾ ಅಂತ ಕೇಳುತ್ತೇನೆ. ಇದ್ದರೆ ಬಿರುಕು ಎಷ್ಟೇ ಚಿಕ್ಕದಿರಲಿ, ರಕ್ತ, ನೀರು ಕಂಡರೆ ಕಾಯಬೇಡಿ, ಇವತ್ತೇ ಹೋಗಿ ಅನ್ನುತ್ತೇನೆ. ಸಕ್ಕರೆ ಇಲ್ಲದವರಾದರೂ ಬಿರುಕಿನ ಸುತ್ತ ಬಿಸಿ, ಬಾವು, ಕೀವು, ಕೆಟ್ಟ ವಾಸನೆ ಇದ್ದರೆ, ಜ್ವರ ಬಂದಿದ್ದರೆ, ಕೆಂಪು ಗೆರೆಯೊಂದು ಪಾದದಿಂದ ಮೇಲಕ್ಕೆ ಏರಿದ್ದರೆ, ಚರ್ಮ ಕಪ್ಪಾಗಿದ್ದರೆ ಅದೂ ಅವತ್ತಿನ ಕೆಲಸವೇ, ಸಂತೆ ದಿನ ಬರಲಿ ಅಂತ ಕಾಯುವಂಥದ್ದಲ್ಲ. ಇದ್ಯಾವುದೂ ಇಲ್ಲ, ಬರೀ ಒಣಗಿ ಒಡೆದಿದೆ ಅಂದರೆ ಮನೆಯಲ್ಲೇ ನೀರು, ಎಣ್ಣೆ, ಕಾಲುಚೀಲ ಮಾಡಿ ನೋಡಿ, ಎರಡು ಮೂರು ವಾರದಲ್ಲಿ ಬಗ್ಗದಿದ್ದರೆ, ಒಂದೇ ಕಾಲಿಗೆ ಅಂಟಿಕೊಂಡಿದ್ದರೆ, ಅಂಗೈಯಲ್ಲೂ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಅದು ಫಂಗಸ್ಸೇ ಆಗಬೇಕೆಂದಿಲ್ಲ, ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು, ಚಪ್ಪಲಿಯ ರಬ್ಬರು ಆಗದೆ ಇರಬಹುದು, ಗಾರೆ ಕೆಲಸದವರಿಗೆ ಸಿಮೆಂಟಿನಿಂದ ಆಗುವುದೂ ಇದೆ. ಪ್ರತಿಯೊಂದಕ್ಕೂ ಔಷಧ ಬೇರೆ.

ಸಕ್ಕರೆ ಇದೆಯೋ ಇಲ್ಲವೋ ಗೊತ್ತೇ ಇಲ್ಲ ಅನ್ನುವವರೇ ಜಾಸ್ತಿ. ಅವರಿಗೆ ನಾನು ಆಶಾ ಅಕ್ಕನನ್ನು ಕರೆದು ತೋರಿಸುತ್ತೇನೆ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ, 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ಮನೆ ಬಾಗಿಲಲ್ಲೇ ನೋಡುತ್ತಾರೆ. ಬಂದಾಗ ಕೈ ಬೆರಳು ಚಾಚುವುದರ ಜೊತೆಗೆ ಕಾಲನ್ನೂ ತೋರಿಸಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಕಾಲು ತೋರಿಸಲು ನಮ್ಮ ಹೆಂಗಸರಿಗೆ ನಾಚಿಕೆ, ಸೀರೆ ಅಂಚು ಎಳೆದು ಮುಚ್ಚಿಕೊಳ್ಳುತ್ತಾರೆ. ಒಡೆದ ಕಾಲು ದುಡಿದ ಕಾಲು, ಅದರಲ್ಲಿ ನಾಚಿಕೆ ಏನಿದೆ.

ನಮ್ಮ ಮನೆಯವರ ಬಿರುಕು ಮುಚ್ಚಿದೆ. ಸ್ಪರ್ಶ ಮಾತ್ರ ಬಂದಿಲ್ಲ, ಹೋದ ನರ ಹಿಂದಿನ ಹಾಗೆ ಆಗುವುದು ಕಷ್ಟ, ಇನ್ನೂ ಹೋಗದಂತೆ ಸಕ್ಕರೆ ಹತೋಟಿಯಲ್ಲಿಡಬೇಕು ಅಂತ ಡಾಕ್ಟರಮ್ಮ ಮುಚ್ಚಿಡದೆ ಹೇಳಿದ್ದಾರೆ. ಹವಾಯಿ ಬಿಟ್ಟು ಹಿಂದೆ ಪಟ್ಟಿ ಇರುವ ಎಂಸಿಆರ್ ಚಪ್ಪಲಿ ಹಾಕುತ್ತಾರೆ, ಮೆತ್ತನೆ ರಬ್ಬರಿನದು. ಹಾಕುವ ಮೊದಲು ಕೊಡವುತ್ತಾರೆ, ಒಳಗೆ ಜಾಲಿ ಮುಳ್ಳೋ ಕಲ್ಲೋ ಇದ್ದರೆ ಅವರಿಗೆ ತಿಳಿಯುವುದಿಲ್ಲವಲ್ಲ. ಸ್ನಾನದ ನೀರನ್ನು ಅವರು ಕಾಲಿನಿಂದ ನೋಡುವ ಹಾಗಿಲ್ಲ, ಮೊಣಕೈಯಿಂದ ನೋಡುತ್ತಾರೆ. ರಾತ್ರಿ ಊಟ ಆದ ಮೇಲೆ ಅಂಗಾಲು ನಾನು ನೋಡುತ್ತೇನೆ, ನಾನು ತವರಿಗೆ ಹೋದಾಗ ಕನ್ನಡಿ ಹಿಡಿದು ಅವರೇ ನೋಡಿಕೊಳ್ಳುತ್ತಾರೆ. ದಾರದ ಪರೀಕ್ಷೆ 6 ತಿಂಗಳಿಗೊಮ್ಮೆ. ಮುಂದಿನದು ಮಾವಿನ ಸುಗ್ಗಿಯ ನಡುವೆ ಬರುತ್ತದೆ, ಆ ದಿನ ಗಾಡಿಗೆ ಬಾಡಿಗೆ ಹಿಡಿಯಬೇಡಿ ಅಂತ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.